ದಪ್ಪ ಸ್ಟಿಕ್ ಕೊಂಡರೆ ಬಾಳಿಕೆ ಬರುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆಯವರು. ನನ್ನ ಮಗನಿಗೆ 11 ವರ್ಷ. ನಾಲ್ಕು ತಿಂಗಳಿಂದ ಡ್ರಮ್ಸ್ ಕ್ಲಾಸಿಗೆ ಹೋಗುತ್ತಿದ್ದಾನೆ. ಕ್ಲಾಸಿನಲ್ಲಿ ಮಾಮೂಲಿ ಡ್ರಮ್ ಸೆಟ್ ಇದೆ. ಮನೆಯಲ್ಲಿ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಮೆಶ್ ಪ್ಯಾಡಿನ (ಬಲೆ ಬಿಗಿದ ಪ್ಯಾಡಿನ) ಎಲೆಕ್ಟ್ರಾನಿಕ್ ಕಿಟ್ ಕೊಡಿಸಿದ್ದೇವೆ. ಸ್ಟಿಕ್ ಕೊಳ್ಳಲು ಹೋದಾಗ ಅಂಗಡಿಯವರು "ದಪ್ಪದ್ದು ತಗೊಳ್ಳಿ, ಬಾಳಿಕೆ ಬರುತ್ತೆ" ಅಂತ 2ಬಿ ಅನ್ನುವ ಅಳತೆಯದನ್ನು ಕೊಟ್ಟರು. ಮೂರೇ ವಾರಕ್ಕೆ ಒಂದು ಮುರಿಯಿತು. ಮಗನ ತೋರುಬೆರಳಿನ ಪಕ್ಕ ಬೊಬ್ಬೆ ಎದ್ದಿದೆ. ಕ್ಲಾಸ್ ಇದ್ದ ದಿನ ಮಣಿಕಟ್ಟು ನೋವು ಅನ್ನುತ್ತಾನೆ. ಕಾಲೇಜಿನಲ್ಲಿ ಬ್ಯಾಂಡ್ ಬಾರಿಸುತ್ತಿದ್ದ ನನ್ನ ಮೈದುನ, "ಭಾರದ್ದೇ ಇರಲಿ ಅತ್ತಿಗೆ, ಕೈಗೆ ಬಲ ಬರುತ್ತೆ" ಅನ್ನುತ್ತಾರೆ. ಮಗನಿಗೆ ಅಮೆರಿಕದ ಡ್ರಮ್ಮರ್ ಸ್ಟೀವ್ ಗ್ಯಾಡ್ ಹೆಸರಿನ ಕಪ್ಪು ಸ್ಟಿಕ್ಕೇ ಬೇಕಂತೆ. ಯಾವುದು ಕೊಡಿಸಲಿ? ಮರದ ತುದಿಯೋ, ನೈಲಾನ್ ತುದಿಯೋ? ಎಷ್ಟು ಜೋಡಿ ಬೇಕು? ಮುರಿದ ಸ್ಟಿಕ್ಕಿನ ಮತ್ತು ಉಳಿದ ಸ್ಟಿಕ್ಕಿನ ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. 7ಎ ಅಳತೆಯ, ಹಿಕರಿ ಮರದ ಸ್ಟಿಕ್ ಕೊಡಿಸಿ. ಒಂದೇ ಕಂಪನಿಯದು, ಒಂದೇ ಮಾಡೆಲ್, ಎರಡು ಜೋಡಿ. ಕ್ಲಾಸಿಗೆ ಮರದ ತುದಿಯದು, ಮನೆಯ ಕಿಟ್ಟಿಗೆ ನೈಲಾನ್ ತುದಿಯದು. 2ಬಿ ಜೋಡಿಯನ್ನು ಇವತ್ತಿನಿಂದಲೇ ಪಕ್ಕಕ್ಕೆ ಇಡಿ. ಮಗನ ಕೈಯಲ್ಲಿ ಏನೋ ಕೊರತೆ ಇದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಅವನ ಕೈಗೆ ಸಲ್ಲದ ಕೋಲು ಸಿಕ್ಕಿದೆ, ಅಷ್ಟೇ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬಾರಿಸುತ್ತಿದ್ದೇನೆ, ಮಕ್ಕಳಿಗೆ ಕಲಿಸುತ್ತಿದ್ದೇನೆ. ಬೊಬ್ಬೆ ಎದ್ದ ಕೈ ಹಿಡಿದುಕೊಂಡು ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಬ್ಯಾಗಿನಲ್ಲಿ ಇದೇ ದಪ್ಪ ಸ್ಟಿಕ್ ನೋಡಿದ್ದೇನೆ.

ಈ ನಂಬರ್‌ಗಳ ಲೆಕ್ಕ ಹೊಸಬರಿಗೆ ತಲೆಕೆಳಗು ಅನಿಸುತ್ತದೆ. ನಂಬರ್ ಚಿಕ್ಕದಾದಷ್ಟೂ ಸ್ಟಿಕ್ ದಪ್ಪ. 7 ಸಣ್ಣದು, 5 ನಡುವಿನದು, 2 ದಪ್ಪ. ಅಕ್ಷರದ ಹಿಂದೆಯೂ ಒಂದು ಕಥೆ ಇದೆ. ಹಿಂದೆ ಅಮೆರಿಕದಲ್ಲಿ ಎ ಅಂದರೆ ಆರ್ಕೆಸ್ಟ್ರಾ, ಬಿ ಅಂದರೆ ಬ್ಯಾಂಡ್, ಎಸ್ ಅಂದರೆ ಬೀದಿ ಮೆರವಣಿಗೆ ಎಂದು ಗುರುತು ಹಾಕುತ್ತಿದ್ದರು. ಆರ್ಕೆಸ್ಟ್ರಾ ಅಂದ ಮೇಲೆ 'ಓ' ಇರಬೇಕಿತ್ತು ಅಲ್ವಾ? ಷಿಕಾಗೊದ ಡ್ರಮ್ ತಯಾರಕ ವಿಲಿಯಂ ಲುಡ್ವಿಗ್ ಅವರಿಗೆ ಸ್ಟಿಕ್ಕಿನ ಮೇಲೆ ಅಚ್ಚು ಹಾಕಿದಾಗ 'ಓ' ಚೆನ್ನಾಗಿ ಕಾಣುವುದಿಲ್ಲ ಅನಿಸಿತಂತೆ, ಅದಕ್ಕೇ 'ಎ' ಆಯಿತು ಅಂತ ಹೇಳುತ್ತಾರೆ. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ. ಅಲ್ಲಿ ಅದು ಪಿಟೀಲು, ಕೊಳಲುಗಳ ದೊಡ್ಡ ಮೇಳ. ಪಿಟೀಲಿನ ದನಿ ಮುಚ್ಚಿಹೋಗದಂತೆ ಬಾರಿಸಬೇಕು, ಅದಕ್ಕೆ ಸಣ್ಣ ಸ್ಟಿಕ್. ಬಯಲಿನಲ್ಲಿ ಬಾರಿಸುವ ಬ್ಯಾಂಡಿಗೆ ಜೋರು ಸದ್ದು ಬೇಕು, ಅದಕ್ಕೆ ದಪ್ಪದ್ದು. ಎಂದರೆ 2ಬಿ ಹುಟ್ಟಿದ್ದೇ ಜೋರು ಸದ್ದಿಗಾಗಿ. ಬಾಳಿಕೆ ಬರೀ ಆ ನಂಬರಿನಿಂದ ಬರುವುದಿಲ್ಲ.

ಅಳತೆ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ವಿಕ್ ಫರ್ತ್ ಕಂಪನಿಯ ಮಾಮೂಲಿ ಸ್ಟಿಕ್‌ಗಳನ್ನೇ ತಗೊಂಡರೆ, 7ಎ ಸುಮಾರು 13.7 ಮಿಲಿಮೀಟರ್ ದಪ್ಪ, 5ಎ 14.4, 5ಬಿ 15.1, 2ಬಿ 16. ಎರಡೂ ಕಾಲು ಮಿಲಿಮೀಟರ್ ಏನು ಮಹಾ ಅನಿಸಬಹುದು. ಆದರೆ ದುಂಡನೆಯ ಕೋಲಿನಲ್ಲಿ ದಪ್ಪ ಸ್ವಲ್ಪ ಏರಿದರೂ ಮರ ಜಾಸ್ತಿ ಸೇರುತ್ತದೆ. 2ಬಿ ಉದ್ದವೂ ಹೆಚ್ಚು, 7ಎಗಿಂತ ಮುಕ್ಕಾಲು ಇಂಚು. ಲೆಕ್ಕ ಹಾಕಿದರೆ 2ಬಿಯಲ್ಲಿ 7ಎಗಿಂತ ಶೇಕಡ 40ರಷ್ಟು ಹೆಚ್ಚು ಮರ ಇದೆ. 11 ವರ್ಷದ ಹುಡುಗ ಒಂದು ಗಂಟೆಯಲ್ಲಿ ಎಷ್ಟು ಸಾವಿರ ಸಲ ಅದನ್ನು ಎತ್ತಿ ಇಳಿಸುತ್ತಾನೆ, ಯೋಚನೆ ಮಾಡಿ. ಮಣಿಕಟ್ಟಿನ ನೋವು ಅಲ್ಲಿಂದಲೇ ಶುರುವಾಗಿರಬೇಕು.

ಈಗ ನಿಮ್ಮ ಫೋಟೊಗಳಿಗೆ ಬರೋಣ. ಅವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಎಷ್ಟೋ ವಿಷಯ ಅವುಗಳಲ್ಲೇ ಇದೆ.

ಮೊದಲ ಫೋಟೊದಲ್ಲಿ ಮುರಿದ ಸ್ಟಿಕ್. ಮುರಿದ ಜಾಗ ಓರೆಯಾಗಿ, ನುಣ್ಣಗೆ, ಚಾಕುವಿನಲ್ಲಿ ಸೀಳಿದ ಹಾಗೆ ಇದೆ. ಒಳ್ಳೆಯ ಹಿಕರಿ ಹೀಗೆ ಮುರಿಯುವುದಿಲ್ಲ. ಅದು ಜಗಿದ ಕಬ್ಬಿನ ಹಾಗೆ ನಾರು ನಾರಾಗಿ, ದಿನ ದಿನಕ್ಕೆ ಸವೆದು, ಕೊನೆಗೆ ಮುರಿಯುತ್ತದೆ. ಓರೆಯಾಗಿ ಒಂದೇ ಏಟಿಗೆ ಸೀಳಿದರೆ ಮರದ ಎಳೆ ನೇರ ಇಲ್ಲ ಅಂತ ಅರ್ಥ. ಸ್ಟಿಕ್ಕಿನ ಮೇಲೆ ಸಣ್ಣ ಗೆರೆಗಳು ಕಾಣುತ್ತವಲ್ಲ, ಅವು ಬುಡದಿಂದ ತುದಿಯವರೆಗೆ ಉದ್ದಕ್ಕೂ ಓಡಬೇಕು. ನಿಮ್ಮ ಸ್ಟಿಕ್ಕಿನಲ್ಲಿ ಗೆರೆಗಳು ನಡುವೆಯೇ ಪಕ್ಕಕ್ಕೆ ತಿರುಗಿ ಅಂಚಿನಿಂದ ಆಚೆ ಹೋಗಿವೆ. ಮುರಿದಿರುವುದೂ ಸರಿಯಾಗಿ ಅದೇ ಗೆರೆಯ ಮೇಲೆ. ಇಂಥ ಮರವನ್ನು ಎಷ್ಟು ದಪ್ಪ ಕಡೆದರೂ ಅಷ್ಟೇ. ಸ್ಟಿಕ್ಕಿನ ಮೇಲೆ ಯಾವ ಮರ ಅಂತಲೂ ಬರೆದಿಲ್ಲ, ಗಮನಿಸಿದಿರಾ?

ಎರಡನೇ ಫೋಟೊ ನನಗೆ ಇನ್ನೂ ಮುಖ್ಯ ಅನಿಸಿತು. ಉಳಿದ ಸ್ಟಿಕ್ಕಿನಲ್ಲಿ ತುದಿಯಿಂದ ಸುಮಾರು 15 ಸೆಂಟಿಮೀಟರ್ ದೂರದಲ್ಲಿ, ಒಂದೇ ಬದಿಗೆ, ಕಚ್ಚಿದ ಹಾಗೆ ಗುರುತುಗಳಿವೆ. ಸ್ನೇರ್ ಡ್ರಮ್, ಎಂದರೆ ಕೂತಾಗ ಎದುರಿಗೇ ಇರುವ ಡ್ರಮ್, ಸಾಮಾನ್ಯವಾಗಿ 14 ಇಂಚು ಅಗಲ. ನಡುವಿನಿಂದ ಅಂಚಿಗೆ 7 ಇಂಚು, ಎಂದರೆ ಹತ್ತಿರ ಹತ್ತಿರ 18 ಸೆಂಟಿಮೀಟರ್. ಹಾಗಾಗಿ ತುದಿ ಡ್ರಮ್ಮಿನ ನಡುವಿನ ಹತ್ತಿರ ಬಿದ್ದಾಗ, ಈ ಗುರುತಿನ ಜಾಗ ಸರಿಯಾಗಿ ಅಂಚಿನ ಲೋಹದ ಬಳೆಗೆ, ಎಂದರೆ ರಿಮ್ಮಿಗೆ, ಬಡಿಯುತ್ತದೆ. ದೊಡ್ಡವರು ಬೇಕೆಂದೇ ಹೀಗೆ ಬಾರಿಸುತ್ತಾರೆ, ಅದಕ್ಕೆ ರಿಮ್‌ಶಾಟ್ ಅನ್ನುತ್ತಾರೆ. ನಾಲ್ಕು ತಿಂಗಳಷ್ಟೇ ಕಲಿತ ಹುಡುಗ ಬೇಕೆಂದು ಮಾಡಿರಲಾರ. ನನ್ನ ಅಂದಾಜು ಹೀಗಿದೆ: ಕ್ಲಾಸಿನ ಸ್ನೇರ್ ದೊಡ್ಡವರ ಎತ್ತರಕ್ಕೆ ಇದೆ, ಇವನ ಕೈ ಕೆಳಗಿದೆ, ಸ್ಟಿಕ್ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹೋಗುತ್ತದೆ, ಪ್ರತಿ ಏಟಿಗೂ ರಿಮ್ ಕಚ್ಚುತ್ತದೆ. ಆ ಏಟಿನ ಅದುರು ವಾಪಸ್ ಬರುವುದು ಅವನ ಮಣಿಕಟ್ಟಿಗೇ.

ಇದಕ್ಕೆ ದುಡ್ಡು ಖರ್ಚಿಲ್ಲ. ಮುಂದಿನ ಕ್ಲಾಸಿನಲ್ಲಿ ಅವನ ಮೇಷ್ಟ್ರಿಗೆ ಹೇಳಿ ಸ್ಟೂಲ್ ಎತ್ತರಿಸಲಿ, ಇಲ್ಲವೇ ಸ್ನೇರ್ ಇಳಿಸಲಿ. ಕೂತಾಗ ಸ್ನೇರ್ ಅಂಚು ತೊಡೆಗಿಂತ ನಾಲ್ಕು ಬೆರಳು ಮೇಲಿದ್ದರೆ ಸಾಕು. ಪ್ರತಿ ವಿದ್ಯಾರ್ಥಿಗೂ ಎತ್ತರ ಬದಲಿಸುವುದು ಮೇಷ್ಟ್ರಿಗೆ ಕಷ್ಟ, ನನಗೆ ಗೊತ್ತು. ನಾನೂ ಗಡಿಬಿಡಿಯಲ್ಲಿ ಬಿಟ್ಟಿದ್ದಿದೆ. ಆದರೆ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಮರದ ಬಗ್ಗೆ ಸ್ವಲ್ಪ. ಅಂಗಡಿಯಲ್ಲಿ ಮೂರು ಹೆಸರು ಕೇಳುತ್ತೀರಿ, ಹಿಕರಿ, ಮೇಪಲ್, ಓಕ್. ಹಿಕರಿ ಉತ್ತರ ಅಮೆರಿಕದ ಮರ. ಅಲ್ಲಿ ಕೊಡಲಿಗೆ, ಸುತ್ತಿಗೆಗೆ ಕಾವು ಹಾಕುವುದು ಇದರಲ್ಲೇ. ಏಟು ಬಿದ್ದಾಗ ಅದುರನ್ನು ತಾನು ನುಂಗಿಕೊಳ್ಳುತ್ತದೆ, ಕೈಗೆ ಕಮ್ಮಿ ಬಿಡುತ್ತದೆ. ಕಲಿಯುವವರಿಗೆ ಅದೇ ಬೇಕು. ಮೇಪಲ್ ಹಗುರ, ಕೈಗೆ ಹಿತ, ಆದರೆ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಏಟಿಗೆ ಬೇಗ ಸವೆಯುತ್ತದೆ. ಓಕ್ ಭಾರ, ಗಟ್ಟಿ. ತುಂಬ ದಿನ ಬಾಳುತ್ತದೆ, ಹೋಗುವಾಗ ಮಾತ್ರ ಮುನ್ಸೂಚನೆ ಇಲ್ಲದೆ ಪಟ್ ಅಂತ ಹೋಗುತ್ತದೆ. ಅದುರು ಕೈಗೆ ಜಾಸ್ತಿ ಬರುವುದೂ ಅದರಲ್ಲೇ. ಮಕ್ಕಳಿಗೆ ನಾನು ಓಕ್ ಹೇಳುವುದಿಲ್ಲ.

ನಿಮ್ಮ ಮೈದುನ ಹೇಳಿದ್ದು ಪ್ರೀತಿಯಿಂದಲೇ. ಆ ಮಾತಿಗೆ ಬೇರು ಇದೆ. ಮೆರವಣಿಗೆ ಬ್ಯಾಂಡಿನಲ್ಲಿ ದಪ್ಪ ಸ್ಟಿಕ್ ಬಳಸುತ್ತಾರೆ, ಅವರ ಕೈ ಗಟ್ಟಿ ಇರುತ್ತದೆ. ಆದರೆ ಆ ಡ್ರಮ್ಮಿನ ಹೆಡ್ (ಏಟು ಬೀಳುವ ಮೇಲಿನ ಹೊದಿಕೆ) ಬಿಗಿ ಬೇರೆ, ಬೇಕಾದ ಸದ್ದು ಬೇರೆ. ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಡ್ರಮ್ ಬಾರಿಸುವಾಗ ಅರ್ಧ ಕೆಲಸ ನಮ್ಮದು, ಉಳಿದರ್ಧ ಸ್ಟಿಕ್ಕಿನದು. ನಾವು ಕೆಳಗೆ ಬಿಡುತ್ತೇವೆ, ಮೇಲೆ ಪುಟಿಯುವುದು ಅದು. ಆ ಪುಟಿತವನ್ನು ಕೈ ತಡೆಯದೆ ಬಿಡುವುದೇ ಮೊದಲ ವರ್ಷದ ಪಾಠ. ಭಾರದ ಸ್ಟಿಕ್ ಕೊಟ್ಟರೆ ಮಗು ಅದು ಜಾರೀತು ಅಂತ ಗಟ್ಟಿಯಾಗಿ ಹಿಡಿಯುತ್ತದೆ. ಗಟ್ಟಿ ಹಿಡಿದ ಸ್ಟಿಕ್ ಪುಟಿಯುವುದಿಲ್ಲ. ಪುಟಿಯದ್ದನ್ನು ಪ್ರತಿ ಸಲವೂ ತಾನೇ ಎತ್ತಬೇಕು. ಬಲ ಬರುವ ಮೊದಲು ಬಿಗಿತ ಅಭ್ಯಾಸವಾಗಿಬಿಡುತ್ತದೆ. ಅದನ್ನು ಬಿಡಿಸಲು ಆಮೇಲೆ ವರ್ಷಗಟ್ಟಲೆ ಬೇಕು. ನನ್ನ ಎಡಗೈ ಬಿಗಿತ ಬಿಡಿಸಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ನಾನು ಕಲಿತದ್ದೂ ಕೈಗೆ ಸಿಕ್ಕಿದ ದಪ್ಪ ಸ್ಟಿಕ್ಕಿನಲ್ಲೇ.

ಇದನ್ನು ಮನೆಯಲ್ಲೇ ನೋಡಬಹುದು. ಸ್ಟಿಕ್ಕನ್ನು ಬುಡದಿಂದ ಮೂರನೇ ಒಂದು ಭಾಗದ ಹತ್ತಿರ ಹೆಬ್ಬೆರಳು, ತೋರುಬೆರಳಿನ ನಡುವೆ ಮಾತ್ರ ಹಿಡಿಯಲಿ. ಉಳಿದ ಬೆರಳು ಸುಮ್ನೆ ತಾಗಿರಲಿ. ಕಿವಿಯ ಎತ್ತರದಿಂದ ತುದಿಯನ್ನು ಪ್ಯಾಡಿನ ಮೇಲೆ ಬೀಳಿಸಲಿ, ಎಷ್ಟು ಸಲ ಪುಟಿಯುತ್ತದೆ ಎಣಿಸಲಿ. ಬಿಗಿ ಹಿಡಿದರೆ ಎರಡು ಮೂರಕ್ಕೆ ನಿಲ್ಲುತ್ತದೆ. ಸಡಿಲ ಬಿಟ್ಟರೆ ಟ-ಟ-ಟ-ಟರ್ರ್ ಅಂತ ತಾನೇ ಓಡುತ್ತದೆ. ಹಿಡಿಯುವ ಜಾಗವನ್ನು ಒಂದು ಬೆರಳು ಹಿಂದೆ, ಒಂದು ಬೆರಳು ಮುಂದೆ ಸರಿಸಿ ನೋಡಲಿ. ಒಂದು ಜಾಗದಲ್ಲಿ ಸದ್ದು ಎಲ್ಲಕ್ಕಿಂತ ಉದ್ದ ಓಡುತ್ತದೆ. ಅದೇ ಅವನ ಜಾಗ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಲಿ. ಉಳಿದಿರುವ 2ಬಿಯಲ್ಲೂ, ಹೊಸ 7ಎಯಲ್ಲೂ ಮಾಡಿ ತೋರಿಸಿ. ವ್ಯತ್ಯಾಸ ಅವನಿಗೇ ಗೊತ್ತಾಗುತ್ತದೆ, ಮೈದುನರಿಗೂ ಗೊತ್ತಾಗುತ್ತದೆ.

ಬೊಬ್ಬೆಯ ವಿಷಯವೂ ಇದೇ. ಶುರುವಿನಲ್ಲಿ ತೋರುಬೆರಳಿನ ಪಕ್ಕ ಸ್ವಲ್ಪ ಕೆಂಪಾಗುವುದು, ಆಮೇಲೆ ಚರ್ಮ ಗಟ್ಟಿಯಾಗುವುದು ಸಹಜ. ನೀರು ತುಂಬಿದ ಬೊಬ್ಬೆ ಎದ್ದರೆ ಹಿಡಿತ ಬಿಗಿ ಅಂತ ಅರ್ಥ. ಅದನ್ನು ಒಡೆಯಬೇಡಿ, ಮೂರು ನಾಲ್ಕು ದಿನ ಬಿಡುವು ಕೊಡಿ. ಕೈಗವಸು ಹಾಕಿ, ಸ್ಟಿಕ್ಕಿಗೆ ಟೇಪ್ ಸುತ್ತಿ ಅಂತ ಯಾರಾದರೂ ಹೇಳುತ್ತಾರೆ. ಬೆವರುವ ಕೈಯ ದೊಡ್ಡವರಿಗೆ, ಎರಡು ಗಂಟೆಯ ಕಾರ್ಯಕ್ರಮ ಬಾರಿಸುವವರಿಗೆ ಅದು ಸರಿ. ಈಗಲೇ ಹಾಕಿದರೆ ಅವನ ಕೈ ನಮಗೆ ಹೇಳುತ್ತಿರುವ ಸೂಚನೆ ಮುಚ್ಚಿಹೋಗುತ್ತದೆ. ನೋವಿನಲ್ಲೂ ಎರಡು ಬಗೆ ಇದೆ. ಮುಂಗೈಯ ಸ್ನಾಯು ಸುಸ್ತಾಗಿ ಸುಡುವ ಹಾಗೆ ಅನಿಸಿದರೆ ಐದು ನಿಮಿಷ ನಿಲ್ಲಿಸಿದರೆ ಹೋಗುತ್ತದೆ. ಮಣಿಕಟ್ಟಿನ ಕೀಲಿನಲ್ಲೇ ನೋವು, ಬೆರಳು ಜುಮ್ಮೆನ್ನುವುದು, ಮರುದಿನ ಪೆನ್ನು ಹಿಡಿಯುವಾಗಲೂ ನೋವು ಅಂದರೆ ಬಾರಿಸುವುದು ಪೂರ್ತಿ ನಿಲ್ಲಿಸಿ. ಸ್ಟಿಕ್ ಬದಲಿಸಿ ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಆ ಕಪ್ಪು ಸ್ಟಿಕ್. ನಿಮ್ಮ ಮಗನ ಆಸೆ ನನಗೆ ಖುಷಿ ಕೊಟ್ಟಿತು. 11 ವರ್ಷಕ್ಕೆ ಸ್ಟೀವ್ ಗ್ಯಾಡ್ ಬಾರಿಸುವುದನ್ನು ಕೇಳುತ್ತಿದ್ದಾನೆ ಅಂದರೆ ಒಳ್ಳೆಯ ಕಿವಿ ಇದೆ. ಸಿಗ್ನೇಚರ್ ಸ್ಟಿಕ್ ಅಂದರೆ ಒಬ್ಬ ವಾದಕ ತನ್ನ ಕೈಗೆ, ತನ್ನ ಸಂಗೀತಕ್ಕೆ ಹೊಂದಿಸಿ ಮಾಡಿಸಿಕೊಂಡದ್ದು. ಹೆಸರಿನ ಆಸೆಗೆ ಕೊಂಡರೆ ಎಷ್ಟೋ ಸಲ ಮೋಸ ಹೋಗುತ್ತೇವೆ. ರಾಕ್ ಬಾರಿಸುವ ಕೆಲವರ ಸ್ಟಿಕ್ 2ಬಿಗಿಂತಲೂ ದಪ್ಪ ಇರುತ್ತದೆ. ಆದರೆ ವಿಕ್ ಫರ್ತ್ ಮಾಡುವ ಗ್ಯಾಡ್ ಸ್ಟಿಕ್ 0.550 ಇಂಚು, ಎಂದರೆ 14 ಮಿಲಿಮೀಟರ್ ದಪ್ಪ. ಉದ್ದ ಹದಿನೈದು ಮುಕ್ಕಾಲು ಇಂಚು. 7ಎಗೂ 5ಎಗೂ ನಡುವೆ ಕೂರುತ್ತದೆ. ಅಳತೆಯಲ್ಲಿ ನಿಮ್ಮ ಮಗನಿಗೆ ಒಗ್ಗದ್ದೇನಲ್ಲ! ತುದಿ ಮಾತ್ರ ಪೀಪಾಯಿಯ ಆಕಾರದ್ದು, ಸ್ನೇರಿನಲ್ಲಿ ತುಂಬಿದ ಸದ್ದು ಕೊಡುತ್ತದೆ. ಬಣ್ಣ ಬಳಿದ ಸ್ಟಿಕ್ ಹೆಡ್ ಮೇಲೆ, ಸಿಂಬಲ್ ಮೇಲೆ ಗೀಚು ಬಿಡುತ್ತದೆ, ಕ್ಲಾಸಿನವರು ಒಪ್ಪುತ್ತಾರಾ ಕೇಳಿಕೊಳ್ಳಿ. ನಾನಾದರೆ ಮೊದಲ ಆರು ತಿಂಗಳು ಮಾಮೂಲಿ 7ಎ ಕೊಟ್ಟು, ಮೊದಲ ಗ್ರೇಡ್ ಪರೀಕ್ಷೆ ಪಾಸಾದಾಗ ಆ ಕಪ್ಪು ಜೋಡಿಯನ್ನು ಕೈಗಿಡುತ್ತೇನೆ.

ನೈಲಾನ್ ತುದಿ ಯಾಕೆ ಅಂತ ಹೇಳುತ್ತೇನೆ. ಅಮೆರಿಕದ ಡ್ರಮ್ಮರ್ ಜೋ ಕಲಾಟೊ 1958ರಲ್ಲಿ ಇದನ್ನು ಮಾಡಿದರು. ಮರದ ತುದಿ ಸಿಂಬಲ್ ಏಟಿಗೆ ಚಕ್ಕೆ ಏಳುತ್ತದೆ, ಅದಕ್ಕೆ ಪರಿಹಾರ ಹುಡುಕುತ್ತಾ ಸಿಕ್ಕಿದ್ದು. ನೈಲಾನಿನಲ್ಲಿ ಸಿಂಬಲ್ ಸದ್ದು ಚುರುಕಾಗಿ, ಟಿಂಗ್ ಅಂತ ಬರುತ್ತದೆ. ಮರದಲ್ಲಿ ಸ್ವಲ್ಪ ಮೆತ್ತಗೆ, ಬೆಚ್ಚಗೆ. ಕಿವಿ ಬೆಳೆಯುವ ಕಾಲದಲ್ಲಿ ಕ್ಲಾಸಿನ ನಿಜವಾದ ಸಿಂಬಲ್ ಮೇಲೆ ಮರದ ತುದಿಯೇ ಇರಲಿ ಅನ್ನುವುದು ನನ್ನ ಆಯ್ಕೆ. ಬಲೆಯ ಪ್ಯಾಡಿನ ಮಾತು ಬೇರೆ. ಕ್ಲಾಸಿನಲ್ಲಿ ಸಿಂಬಲ್ ಹೊಡೆದು ಚಕ್ಕೆ ಎದ್ದ ತುದಿಯನ್ನು ಮನೆಗೆ ತಂದು ಮೆಶ್ ಮೇಲೆ ಬಾರಿಸಿದರೆ ಬಲೆ ಎಳೆ ಎಳೆಯಾಗಿ ಕಿತ್ತುಹೋಗುತ್ತದೆ. ಆ ಬಲೆ ಬದಲಿಸುವ ಖರ್ಚಿನಲ್ಲಿ ಸ್ಟಿಕ್ ಜೋಡಿಗಳೇ ಬರುತ್ತವೆ. ಹಾಗಾಗಿ ಮನೆಯ ಜೋಡಿ ಮನೆಯಲ್ಲೇ ಇರಲಿ. ನೈಲಾನ್ ತುದಿ ಸಡಿಲವಾಗಿದೆಯಾ ಅಂತ ಆಗಾಗ ತಿರುಗಿಸಿ ನೋಡಿ. ಒಮ್ಮೆ ಹಬ್ಬದ ಕಾರ್ಯಕ್ರಮದಲ್ಲಿ ಹಾಡಿನ ನಡುವೆ ನನ್ನ ಸ್ಟಿಕ್ಕಿನ ತುದಿ ಕಳಚಿ ಕೀಬೋರ್ಡ್ ನುಡಿಸುವವರ ಕೆನ್ನೆಗೆ ತಾಗಿತು. ಕಣ್ಣಿಗೆ ಬಿದ್ದಿದ್ದರೆ ಅಂತ ಈಗಲೂ ನೆನೆಸಿಕೊಳ್ಳುತ್ತೇನೆ.

ಅಂಗಡಿಗೆ ಮಗನನ್ನೂ ಕರೆದುಕೊಂಡು ಹೋಗಿ. ಪ್ಯಾಕೆಟ್ ನೋಡಿ ಕೊಳ್ಳಬೇಡಿ, ನಾಲ್ಕೈದು ಜೋಡಿ ಹೊರಗೆ ತೆಗೆಸಿ. ಗಾಜಿನ ಕೌಂಟರ್ ಮೇಲೆ ಒಂದೊಂದನ್ನೇ ಉರುಳಿಸಿ. ನೇರ ಇದ್ದದ್ದು ಸದ್ದಿಲ್ಲದೆ ಉರುಳುತ್ತದೆ. ಡೊಂಕು ಇದ್ದರೆ ತುದಿ ಮೇಲೆ ಕೆಳಗೆ ಕುಣಿಯುತ್ತದೆ, ಕಟ್ ಕಟ್ ಅನ್ನುತ್ತದೆ. ಗೆರೆ ಉದ್ದಕ್ಕೂ ನೇರ ಇದೆಯಾ ನೋಡಿ. ಗಂಟು ಇರಬಾರದು. ಆಮೇಲೆ ಎರಡನ್ನೂ ಒಂದೊಂದಾಗಿ ಸಡಿಲ ಹಿಡಿದು ಮರದ ಮೇಜಿನ ಮೇಲೆ ತಟ್ಟಿ ಕೇಳಿ. ಒಂದು ಟಕ್, ಇನ್ನೊಂದು ಟೊಕ್ ಅಂದರೆ ಜೋಡಿ ಸರಿ ಇಲ್ಲ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿ ಬಾರಿಸುತ್ತಿದ್ದ ವಿಕ್ ಫರ್ತ್ 1963ರಲ್ಲಿ ಕಂಪನಿ ಶುರು ಮಾಡಿದ್ದು, ತಮಗೆ ಬೇಕಾದಂಥ ಸ್ಟಿಕ್ ಮಾರುಕಟ್ಟೆಯಲ್ಲಿ ಸಿಗದೆ. ತೂಕ ಮತ್ತು ಸದ್ದು ಎರಡನ್ನೂ ನೋಡಿ ಜೋಡಿ ಮಾಡುವುದಕ್ಕೆ ಆ ಕಂಪನಿ ಹೆಸರಾಯಿತು. ಅಗ್ಗದ ಸ್ಟಿಕ್‌ಗಳಲ್ಲಿ ಆ ಕೆಲಸ ಆಗಿರುವುದಿಲ್ಲ. ಒಬ್ಬ ವಿದ್ಯಾರ್ಥಿ ತಂದ ಹೊಸ ಜೋಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ. ಒಂದು 48 ಗ್ರಾಂ, ಇನ್ನೊಂದು 57. ಪಾಪ, ಆ ಹುಡುಗಿ ತನ್ನ ಎಡಗೈ ನಿಧಾನ ಅಂತ ಎರಡು ತಿಂಗಳು ಕೊರಗುತ್ತಿದ್ದಳು.

ಆನ್‌ಲೈನಿನಲ್ಲಿ ದೊಡ್ಡ ಕಂಪನಿಯ ಹೆಸರಿನ ಸ್ಟಿಕ್ ಅರ್ಧ ಬೆಲೆಗೆ ಸಿಕ್ಕರೆ ದೂರ ಇರಿ. ನಕಲಿ ಬರುತ್ತದೆ, ಉರುಳಿಸಿ ನೋಡುವ ಅವಕಾಶವೂ ಇಲ್ಲ. ದಾವಣಗೆರೆಯಲ್ಲಿ 7ಎ ಸಿಗದಿದ್ದರೆ 5ಎ ಹಿಕರಿ ತಗೊಳ್ಳಿ, ತೊಂದರೆ ಇಲ್ಲ. ಅವನು ಎತ್ತರದ ಹುಡುಗನಾಗಿ, ಅಂಗೈ ದೊಡ್ಡದಿದ್ದರೆ 5ಎಯೇ ಹಿತ ಅನಿಸಬಹುದು. ಎರಡನ್ನೂ ಕೈಗೆ ಕೊಟ್ಟು, ಅಂಗಡಿಯಲ್ಲಿ ಒಂದು ಪ್ಯಾಡ್ ಕೇಳಿ ಐದು ನಿಮಿಷ ಬಾರಿಸಲು ಬಿಡಿ. ಯಾವುದು ಸಲೀಸಾಗಿ ಪುಟಿಯುತ್ತದೋ ಅದು. 7ಎ ಹಿಡಿದು ಸುಮ್ಮನೆ ಜೋರು ಹೊಡೆದರೆ ಬೇಗ ಮುರಿಯುತ್ತದೆ, ಅದು ನಿಜ. ಎರಡು ವರ್ಷ ಬಿಟ್ಟು ಅವನು ರಾಕ್ ಕಡೆ ಹೊರಟರೆ, ಆಗ 5ಎ, 5ಬಿ ನೋಡೋಣ.

ಮನೆಗೆ ತಂದ ಮೇಲೆ ಬಿಸಿಲಿಗೆ, ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಮರ ಒಣಗಿ ಡೊಂಕಾಗುತ್ತದೆ. ಕ್ಲಾಸಿನಲ್ಲಿ ಸಿಂಬಲ್ ಮೇಲಿನ ತಿರುಪು ತೀರಾ ಬಿಗಿ ಇದೆಯಾ ಅಂತಲೂ ಮೇಷ್ಟ್ರನ್ನು ಒಮ್ಮೆ ಕೇಳಿ. ಸಿಂಬಲ್ ತೂಗಾಡದಿದ್ದರೆ ಏಟೆಲ್ಲ ಸ್ಟಿಕ್ಕಿನ ಕುತ್ತಿಗೆಗೆ, ಎಂದರೆ ತುದಿಯ ಹಿಂದಿನ ಸಣ್ಣ ಭಾಗಕ್ಕೆ, ಬೀಳುತ್ತದೆ. ನೀವು ಕೇಳದ ಒಂದು ಮಾತು: ಕ್ಲಾಸಿನಲ್ಲಿ ಮಗನ ಕಿವಿಗೆ ಇಯರ್‌ಪ್ಲಗ್ ಇರಲಿ. ಚಿಕ್ಕ ಕೋಣೆಯಲ್ಲಿ ಡ್ರಮ್ ಸದ್ದು ದೊಡ್ಡವರ ಕಿವಿಗೇ ಜಾಸ್ತಿ.

ಹೊಸ ಸ್ಟಿಕ್ ಬಂದ ಒಂದು ತಿಂಗಳಿಗೆ ಕ್ಲಾಸಿನ ಜೋಡಿಯ ಫೋಟೊ ತೆಗೆದು ಮತ್ತೆ ಕಳಿಸಿ. ಗುರುತುಗಳು ಕುತ್ತಿಗೆಯ ಹತ್ತಿರ ಸುತ್ತಲೂ ಹರಡಿದ್ದರೆ ಹೈ-ಹ್ಯಾಟ್ (ಒಂದರ ಮೇಲೊಂದಿರುವ ಜೋಡಿ ಸಿಂಬಲ್) ಅಂಚಿನವು, ಅವು ಇದ್ದದ್ದೇ. ಮತ್ತೆ ಅದೇ 15 ಸೆಂಟಿಮೀಟರ್ ಜಾಗದಲ್ಲಿ, ಒಂದೇ ಬದಿಗೆ ಕಚ್ಚಿದ್ದರೆ, ಸ್ಟೂಲ್ ಇನ್ನೂ ಎರಡು ಬೆರಳು ಎತ್ತರ ಆಗಬೇಕು.